ಎಂಟು ತಿಂಗಳು, ಐದು ಹೆಲ್ಪರ್‌ಗಳು: ನಮ್ಮ ಬಡಗಿ ವರ್ಕ್‌ಶಾಪಿನ ಒಂದು ಪ್ರಕರಣ

ಐದನೆಯವನು ಹೋಗಿದ್ದು ಒಂದು ಸೋಮವಾರ. ಹೋದ ಅಂದರೆ, ಬರಲಿಲ್ಲ ಅಷ್ಟೇ. ಫೋನ್ ಎತ್ತಲಿಲ್ಲ. ಒಂಬತ್ತು ದಿನ ಕೆಲಸ ಮಾಡಿದ್ದ. ಅವನಿಗೆ ಕೊಟ್ಟಿದ್ದ ಟೇಪು, ಪೆನ್ಸಿಲ್, ಮೂಲೆಮಟ್ಟ ಮೂರನ್ನೂ ಬೆಂಚಿನ ಮೂಲೆಯಲ್ಲಿ ಸಾಲಾಗಿ ಜೋಡಿಸಿಟ್ಟು ಹೋಗಿದ್ದ. ಕೆಲಸದ ಮೇಲೆ ಮನಸ್ಸಿಲ್ಲದವರು ಹಾಗೆ ಜೋಡಿಸಿಟ್ಟು ಹೋಗುವುದಿಲ್ಲ. ಅದು ನನ್ನ ತಲೆಯಲ್ಲಿ ಕೊರೆಯುತ್ತಾ ಇತ್ತು.

ನಮ್ಮದು ಚಿಕ್ಕ ವರ್ಕ್‌ಶಾಪ್. ನಾನು, ಒಬ್ಬ ಹಿರಿಯ ಮೇಸ್ತ್ರಿ, ಇನ್ನಿಬ್ಬರು ಬಡಗಿಗಳು. ಕಪಾಟು, ಬಾಗಿಲು, ಡ್ರಾಯರ್, ಆಮೇಲೆ ಅವನ್ನೆಲ್ಲ ಗಿರಾಕಿಯ ಮನೆಗೆ ಒಯ್ದು ಕೂರಿಸುವುದು. ಇದಕ್ಕೆ ಇಬ್ಬರು ಹೆಲ್ಪರ್ ಬೇಕೇ ಬೇಕು. ಹಲಗೆಯ ಇನ್ನೊಂದು ತುದಿ ಹಿಡಿಯಲು, ಗುರುತು ಹಾಕಲು, ಗೋಂದು ಹಚ್ಚಿ ಕ್ಲಾಂಪ್ ಬಿಗಿಯಲು, ಉಪ್ಪುಕಾಗದ ಉಜ್ಜಲು, ನೆಲ ಗುಡಿಸಲು. ಹೆಲ್ಪರ್ ಇಲ್ಲದ ದಿನ ಈ ಕೆಲಸಗಳೆಲ್ಲ ಮೇಸ್ತ್ರಿಯ ಮೇಲೆ ಬೀಳುತ್ತವೆ. ಜೋಡಣೆ ಮಾಡಬೇಕಾದ ಕೈ ಕಸ ಎತ್ತುತ್ತಾ ಕೂರುತ್ತದೆ.

ಎಂಟು ತಿಂಗಳಲ್ಲಿ ಐದು ಜನ ಬಂದು ಹೋಗಿದ್ದರು. ಯಾರೂ ಮೂರು ವಾರ ದಾಟಿರಲಿಲ್ಲ. "ಈಗಿನ ಹುಡುಗರಿಗೆ ಮೈ ಬಗ್ಗಲ್ಲ" ಅಂತ ಮೇಸ್ತ್ರಿ ಹೇಳುತ್ತಿದ್ದರು. ನಾನೂ ಹೌದು ಅನ್ನುತ್ತಿದ್ದೆ.

ಆಗ ನಾವು ಆರಿಸುತ್ತಿದ್ದ ರೀತಿಯನ್ನು ಇಲ್ಲಿ ಬಿಚ್ಚಿ ಹೇಳಬೇಕು. ಯಾರೋ ಒಬ್ಬರು ಇನ್ಯಾರದೋ ನಂಬರ್ ಕೊಡುತ್ತಿದ್ದರು. ನಾನು ಫೋನ್ ಮಾಡುತ್ತಿದ್ದೆ. "ಅನುಭವ ಇದೆಯಾ?" "ಇದೆ." "ನಾಳೆ ಬಾ." ಮುಗೀತು. ಬಂದ ಮೇಲೆ ಕೈಯಲ್ಲಿ ಪೊರಕೆ, ಇಲ್ಲ ಉಪ್ಪುಕಾಗದ. ಉಳಿದಿದ್ದನ್ನು ನೋಡಿ ಕಲಿತುಕೊಳ್ಳಲಿ ಅನ್ನುವುದು ನಮ್ಮ ಲೆಕ್ಕ. ನಾವೂ ಹಾಗೇ ಕಲಿತವರು ಅಲ್ವಾ?

ಹೋದವರಿಗೆ ಫೋನ್

ಆರನೆಯವರನ್ನು ಹುಡುಕುವ ಮೊದಲು ಬಿಟ್ಟು ಹೋದ ಐವರಿಗೂ ಫೋನ್ ಮಾಡಿದೆ. ಮೇಸ್ತ್ರಿಗೆ ಇದು ಇಷ್ಟ ಆಗಲಿಲ್ಲ. "ವಾಪಸ್ ಬಾ ಅಂತ ಕೇಳಲ್ಲ, ಯಾಕೆ ಬಿಟ್ಟೆ ಅಂತ ಮಾತ್ರ ಕೇಳ್ತೀನಿ" ಅಂದೆ. ಮೂವರು ಮಾತಾಡಿದರು.

ಮೊದಲನೆಯವನು ಹೇಳಿದ್ದು ಸರಳ. "ಬಡಗಿ ಕೆಲಸ ಕಲಿಸ್ತೀನಿ ಅಂದ್ರಿ. ಹನ್ನೊಂದು ದಿನ ಉಜ್ಜಿದೆ. ಹನ್ನೆರಡನೇ ದಿನವೂ ಅದೇ ಅಂತ ಗೊತ್ತಾಯ್ತು."

ಎರಡನೆಯವನಿಗೆ ಟೇಬಲ್ ಸಾ, ಅಂದರೆ ಮೇಜಿನ ಮಧ್ಯೆ ಬ್ಲೇಡು ತಿರುಗುವ ಗರಗಸದ ಮಿಷಿನ್, ಕಂಡರೆ ಭಯ. ಎರಡನೇ ದಿನವೇ ಅವನನ್ನು ಮೇಸ್ತ್ರಿಯ ಹಿಂದೆ, ಬ್ಲೇಡಿನ ನೇರಕ್ಕೆ ನಿಲ್ಲಿಸಿದ್ದೆವು. ಮರದ ಒಂದು ಸೀಳು ಬ್ಲೇಡಿಗೂ ಫೆನ್ಸಿಗೂ (ಮರವನ್ನು ಒರಗಿಸಿ ತಳ್ಳುವ ಪಟ್ಟಿ) ಮಧ್ಯೆ ಸಿಕ್ಕಿ ಹಿಂದಕ್ಕೆ ಚಿಮ್ಮಿತ್ತು. ಅವನ ಸೊಂಟದ ಪಕ್ಕದಲ್ಲೇ ಹಾದು ಗೋಡೆಗೆ ಬಡಿದಿತ್ತು. ನಮಗೆ ಅದು ಕಿಕ್‌ಬ್ಯಾಕ್. ಯಾಕಾಗುತ್ತದೆ, ಎಲ್ಲಿ ನಿಂತರೆ ತಾಗುವುದಿಲ್ಲ ಅಂತ ನಮಗೆ ಗೊತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ಭಯ ಆಗುತ್ತೆ ಅಂತ ಹೇಳಲು ನಾಚಿಕೆ ಆಗಿ ಬರುವುದನ್ನೇ ನಿಲ್ಲಿಸಿದ್ದ. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟೊರಾಂಟೊದ ಇನ್‌ಸ್ಟಿಟ್ಯೂಟ್ ಫಾರ್ ವರ್ಕ್ ಅಂಡ್ ಹೆಲ್ತ್ ಈ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಹೊಸ ಕೆಲಸದ ಮೊದಲ ತಿಂಗಳಲ್ಲಿ ಪೆಟ್ಟಾಗಿ ಕೆಲಸ ತಪ್ಪುವ ಅಪಾಯ, ಒಂದು ವರ್ಷಕ್ಕಿಂತ ಹಳಬರಾದವರಿಗೆ ಹೋಲಿಸಿದರೆ 3 ಪಟ್ಟಿಗಿಂತ ಜಾಸ್ತಿ ಅನ್ನುತ್ತದೆ ಅದು. ನಾವು ಆ ಹುಡುಗನನ್ನು ಅತಿ ಹೆಚ್ಚು ಅಪಾಯದ ದಿನಗಳಲ್ಲಿ ಅತಿ ಹೆಚ್ಚು ಅಪಾಯದ ಜಾಗದಲ್ಲಿ ನಿಲ್ಲಿಸಿದ್ದೆವು.

ಮೂರನೆಯವನು ಟೇಪು ಜೋಡಿಸಿಟ್ಟು ಹೋದ ಹುಡುಗ. ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಆ ಬಾಗಿಲಿನ ತುಂಡು ಸಿಕ್ತಾ?"

ಯಾವ ತುಂಡು ಅಂತ ಹೊಳೆದ ಕೂಡಲೇ ಎಲ್ಲ ಅರ್ಥವಾಯಿತು. ಒಂದು ಕಪಾಟಿನ ಬಾಗಿಲಿಗೆ ಅವನು ಗುರುತು ತಪ್ಪು ಹಾಕಿದ್ದ. ತುಂಡು ಗಿಡ್ಡ ಆಯಿತು. ಹಿಂದಿನ ದಿನವಷ್ಟೇ ಇನ್ನೊಬ್ಬ ಬಡಗಿ ಅದೇ ತರಹದ ತಪ್ಪಿಗೆ ಎಲ್ಲರ ಎದುರು ಬೈಸಿಕೊಂಡಿದ್ದ. ಇವನು ಹೆದರಿ ತುಂಡನ್ನು ಚೂರುಗಳ ರಾಶಿಯ ಅಡಿಗೆ ಸೇರಿಸಿಬಿಟ್ಟ. ಗಿರಾಕಿಯ ಮನೆಯಲ್ಲಿ ಬಾಗಿಲು ಒಂದು ಕಡಿಮೆ ಬಂದಾಗ ನಾವು ಇಡೀ ದಿನ ಹುಡುಕಿದ್ದೆವು. ಕೊನೆಗೆ ಹೊಸ ಹಲಗೆ ತಂದು ಮತ್ತೆ ಮಾಡಿದ್ದೆವು. ಅವನು ಆ ದಿನವೇ ಹೇಳಿದ್ದರೆ ಅರ್ಧ ಗಂಟೆಯ ಕೆಲಸ.

ಮೂರು ಫೋನಿನಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ನಾವು ಹುಡುಕುತ್ತಿದ್ದದ್ದು ಅನುಭವ. ನಮ್ಮ ಕೆಲಸ ಕೆಡುತ್ತಿದ್ದದ್ದು ಬಾಯಿ ಬಿಡದೆ ಇದ್ದದ್ದರಿಂದ. ಗೊತ್ತಿಲ್ಲ, ಭಯ ಆಗುತ್ತೆ, ತಪ್ಪಾಯ್ತು ಅನ್ನುವ ಮೂರು ಮಾತು ಯಾರೂ ಆಡಿರಲಿಲ್ಲ. ಆಡದೆ ಇರುವ ಹಾಗೆ ಮಾಡಿದ್ದು ನಾವೇ.

ಜಾಹೀರಾತು ಬದಲಾಯಿತು

ಮುಂಚೆ ನಾವು ಬರೆಯುತ್ತಿದ್ದದ್ದು: "ಬಡಗಿ ಕೆಲಸಕ್ಕೆ ಹೆಲ್ಪರ್ ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ. ಒಳ್ಳೆಯ ಸಂಬಳ." ಇದರಲ್ಲಿ ಕೆಲಸದ ಬಗ್ಗೆ ಏನೂ ಇಲ್ಲ. ಸಂಬಳ ಎಷ್ಟು ಅಂತಲೂ ಇಲ್ಲ.

ಹೊಸದು ಹೀಗಿತ್ತು: "ಮರಗೆಲಸಕ್ಕೆ ಇಬ್ಬರು ಹೆಲ್ಪರ್ ಬೇಕು. ಅನುಭವ ಬೇಡ. ಮೊದಲ ಮೂರು ತಿಂಗಳು ಅರ್ಧ ಕೆಲಸ ಉಜ್ಜುವುದು, ಹೊರುವುದು, ಗುಡಿಸುವುದು. ಇನ್ನರ್ಧ ಅಳತೆ, ಗುರುತು, ಜೋಡಣೆ ಕಲಿಯುವುದು. ಧೂಳು ಮತ್ತು ಸದ್ದು ಇರುತ್ತದೆ, ಮಾಸ್ಕ್ ಮತ್ತು ಕಿವಿಯ ರಕ್ಷಣೆ ನಾವು ಕೊಡುತ್ತೇವೆ. ಭಾರದ ಹಲಗೆಯನ್ನು ಇಬ್ಬರು ಸೇರಿ ಎತ್ತಬೇಕು. 18 ವರ್ಷ ತುಂಬಿರಬೇಕು. ಗಂಡಸರು, ಹೆಂಗಸರು ಯಾರಾದರೂ ಆಗಬಹುದು." ಇದರ ಕೆಳಗೆ ಕೆಲಸದ ಹೊತ್ತು, ದಿನದ ಸಂಬಳ, ಮೂರು ತಿಂಗಳ ನಂತರ ಎಷ್ಟು ಆಗುತ್ತದೆ ಅನ್ನುವುದನ್ನೂ ಬರೆದೆವು. "ಸಂಬಳ ಬರೆದರೆ ಯಾರೂ ಫೋನ್ ಮಾಡಲ್ಲ" ಅಂತ ಒಬ್ಬ ಬಡಗಿ ಹೇಳಿದ. 14 ಜನ ಮಾಡಿದರು.

ಜಾಹೀರಾತನ್ನು ಹಾಕಿದ ಜಾಗವೂ ಬದಲಾಯಿತು. ಬೇರೆ ಬಡಗಿಗಳ ಹತ್ತಿರ ಕೇಳುವುದನ್ನು ಬಿಟ್ಟೆವು. ಅವರ ಹತ್ತಿರ ಒಳ್ಳೆಯ ಹೆಲ್ಪರ್ ಇದ್ದರೆ ಅವರೇ ಇಟ್ಟುಕೊಳ್ಳುತ್ತಾರೆ ಅಲ್ವಾ. ಮರಗೆಲಸ ಕಲಿಸುವ ತರಬೇತಿ ಕೇಂದ್ರ, ಹೊಲಿಗೆ ಅಂಗಡಿಗಳು, ಸೈಕಲ್ ರಿಪೇರಿ, ಸರಕು ಗೋದಾಮು, ಹೀಗೆ ಕೈಗೆ ಕೆಲಸ ಕೊಟ್ಟು ಅಭ್ಯಾಸ ಇರುವವರು ಸಿಗುವ ಕಡೆ ಅಂಟಿಸಿದೆವು.

ಫೋನಿನಲ್ಲಿ ಎಲ್ಲರಿಗೂ ಅದೇ ಮೂರು ಪ್ರಶ್ನೆ. ಈಗ ಏನು ಮಾಡ್ತಾ ಇದ್ದೀರಿ? ಇಲ್ಲಿಗೆ ದಿನಾ ಹೇಗೆ ಬರ್ತೀರಿ? ಜಾಹೀರಾತಿನಲ್ಲಿ ಬರೆದದ್ದರಲ್ಲಿ ನಿಮಗೆ ಯಾವುದು ಕಷ್ಟ ಅನ್ನಿಸುತ್ತೆ? ಮೂರನೆಯದಕ್ಕೆ "ಏನೂ ಕಷ್ಟ ಇಲ್ಲ" ಅಂದವರಿಗಿಂತ "ಧೂಳು ಸ್ವಲ್ಪ ಕಷ್ಟ ಆಗಬಹುದು" ಅಂದವರ ಮಾತು ನನಗೆ ಹಿಡಿಸಿತು. ಧೂಳಿನ ಮಾತು ಸಣ್ಣದಲ್ಲ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಕೆಲಸಕ್ಕೆ ಬರುವ ಮೊದಲೇ ಇದು ಅವರಿಗೆ ಗೊತ್ತಿರಬೇಕು.

14 ಜನರಲ್ಲಿ ನಾಲ್ವರು ಫೋನಿನಲ್ಲೇ ಬೇಡ ಅಂದರು. ಅದು ಒಳ್ಳೆಯದೇ ಆಯಿತು. ಹನ್ನೊಂದನೇ ದಿನ ಬಿಡುವ ಬದಲು ಮೊದಲೇ ಬಿಟ್ಟರು. ಇನ್ನೊಬ್ಬ ಹುಡುಗನಿಗೆ ನಾವೇ ಬೇಡ ಅನ್ನಬೇಕಾಯಿತು. ವಯಸ್ಸು 16. ತಂದೆಯೇ ಫೋನ್ ಮಾಡಿದ್ದರು. ತುಂಬ ಕೇಳಿಕೊಂಡರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ 138ನೇ ಒಪ್ಪಂದದ ಪ್ರಕಾರ ಅಪಾಯದ ಕೆಲಸಕ್ಕೆ ಸಾಮಾನ್ಯವಾಗಿ 18 ತುಂಬಿರಬೇಕು. ಗರಗಸದ ಮಿಷಿನ್ ಇರುವ ಜಾಗ ಅಪಾಯದ್ದೇ. "ಬರೀ ಗುಡಿಸಲಿ ಸಾಕು" ಅಂದರು ತಂದೆ. ಮಿಷಿನ್ ಓಡುವ ಕೋಣೆಯಲ್ಲಿ ಬರೀ ಗುಡಿಸುವುದು ಅಂತ ಇರುವುದಿಲ್ಲ. ತರಬೇತಿ ಕೇಂದ್ರದ ವಿವರ ಕೊಟ್ಟೆ.

ಅರ್ಧ ದಿನದ ಪರೀಕ್ಷೆ

ಒಂಬತ್ತು ಜನರನ್ನು ಕರೆದೆವು, ಏಳು ಜನ ಬಂದರು. ಒಬ್ಬೊಬ್ಬರಿಗೂ ಅರ್ಧ ದಿನ. ಅರ್ಧ ದಿನದ ಸಂಬಳ ಕೊಟ್ಟೆವು. ಇದರಲ್ಲಿ ರಾಜಿ ಬೇಡ. ಪರೀಕ್ಷೆ ಅಂತ ಹೇಳಿ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ಮೋಸ. ಮಾಡಿಸಿದ್ದು ಮಾರುವ ಸಾಮಾನೂ ಅಲ್ಲ, ಅಭ್ಯಾಸದ ತುಂಡುಗಳು. ಕರೆಂಟಿನ ಯಾವ ಮಿಷಿನನ್ನೂ ಮುಟ್ಟಲು ಬಿಡಲಿಲ್ಲ. ಬಂದ ಕೂಡಲೇ ವರ್ಕ್‌ಶಾಪ್ ಪೂರ್ತಿ ತೋರಿಸಿ, ಎಲ್ಲಿ ನಿಲ್ಲಬಾರದು ಅನ್ನುವುದನ್ನು ಮೊದಲು ಹೇಳಿದೆವು.

ಮೊದಲು ಟೇಪು ಕೈಗೆ ಕೊಟ್ಟು ಒಂದು ಕಪಾಟಿನ ಒಳ ಅಳತೆ, ಹೊರ ಅಳತೆ ಬರೆಯಲು ಹೇಳುತ್ತಿದ್ದೆವು. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ. ಅದು ಕೆಟ್ಟಿರುವುದಲ್ಲ. ಕೊಕ್ಕೆಯ ದಪ್ಪ ಎಷ್ಟೋ ಅಷ್ಟೇ ಅದು ಹಿಂದೆ ಮುಂದೆ ಸರಿಯುತ್ತದೆ. ಹೊರಗಿನಿಂದ ಎಳೆದರೂ ಒಳಗಿನಿಂದ ಒತ್ತಿದರೂ ಅಳತೆ ಸರಿ ಬರಲಿ ಅಂತ ಹಾಗೆ ಮಾಡಿರುತ್ತಾರೆ. ಏಳು ಜನರಲ್ಲಿ ಒಬ್ಬನೇ "ಇದು ಯಾಕೆ ಅಲ್ಲಾಡುತ್ತೆ?" ಅಂತ ಕೇಳಿದ. ಅವನ ಅಳತೆ ಒಂದೆರಡು ಕಡೆ ತಪ್ಪಿತ್ತು. ಆದರೂ ಅವನ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡೆ.

ಆಮೇಲೆ ಮೇಸ್ತ್ರಿ ಜೊತೆ ಹಲಗೆ ಎತ್ತುವುದು. 18 ಮಿಲಿಮೀಟರ್ ಪ್ಲೈವುಡ್‌ನ ಇಡೀ ಹಾಳೆ ಸುಮಾರು 30 ಕಿಲೋ ಇರುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಆದರೆ 40ರ ಹತ್ತಿರ. ಇಲ್ಲಿ ನೋಡುವುದು ಬಲವನ್ನಲ್ಲ. ಇನ್ನೊಂದು ತುದಿಯಲ್ಲಿರುವವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾರಾ, ಇಳಿಸುವ ಮೊದಲು ಹೇಳುತ್ತಾರಾ ಅನ್ನುವುದು. ದಪ್ಪ ತೋಳಿನ ಒಬ್ಬ ಹೇಳದೆ ಕೇಳದೆ ತನ್ನ ಕಡೆ ಇಳಿಸಿಬಿಟ್ಟ. ಮೇಸ್ತ್ರಿಯ ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಕೊನೆಯದು ಕಟಿಂಗ್ ಲಿಸ್ಟ್. ಒಂದು ಚಿಕ್ಕ ಕಪಾಟಿಗೆ ಬೇಕಾದ ತುಂಡುಗಳ ಪಟ್ಟಿ ಕೊಟ್ಟು, ಉದ್ದದ ಹಲಗೆಯ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಲು ಹೇಳುತ್ತಿದ್ದೆವು. ಆ ಪಟ್ಟಿಯಲ್ಲಿ ನಾನು ಬೇಕಂತಲೇ ಒಂದು ತಪ್ಪು ಇಟ್ಟಿದ್ದೆ. ಎಡಗಡೆಯ ಪಕ್ಕದ ಹಲಗೆ 720 ಮಿಲಿಮೀಟರ್, ಬಲಗಡೆಯದು 702. ಅಂಕಿ ಅದಲುಬದಲಾಗಿದೆ. ನಿಜವಾದ ಕೆಲಸದಲ್ಲೂ ಇದೇ ತಪ್ಪು ಹೆಚ್ಚಾಗಿ ಆಗುತ್ತದೆ. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಬ್ಬರಿಗೂ ಇದನ್ನು ಹೇಳಿದೆವು, ಯಾರೂ ಮೋಸ ಹೋದ ಭಾವನೆಯಲ್ಲಿ ಹೋಗಬಾರದು ಅಂತ.

ಇಬ್ಬರಿಗೆ ತಪ್ಪು ಕಾಣಲೇ ಇಲ್ಲ. ಮೂವರು ಗುರುತು ಹಾಕುವ ಮೊದಲೇ ಕೇಳಿದರು. ಇನ್ನಿಬ್ಬರಿಗೆ ಕಂಡಿತ್ತು, ಸುಮ್ಮನೆ 702ಕ್ಕೇ ಗೆರೆ ಎಳೆದಿದ್ದರು. ಯಾಕೆ ಕೇಳಲಿಲ್ಲ ಅಂದಾಗ ಅವರಲ್ಲಿ ಗೋದಾಮಿನಿಂದ ಬಂದ ಹುಡುಗ ತಲೆ ತಗ್ಗಿಸಿ ಹೇಳಿದ: "ನೀವೇ ಬರೆದಿದ್ದು ಅಲ್ವಾ. ಅದಕ್ಕೆ ಸುಮ್ನಿದ್ದೆ."

ಏಳು ದಿನದಲ್ಲಿ ನಾನು ಕೇಳಿದ ಅತಿ ಮುಖ್ಯ ಮಾತು ಇದೇ ಇರಬೇಕು. ಹಿಂದಿನ ಕೆಲಸದಲ್ಲಿ ಯಾರೋ ಅವನಿಗೆ ಕೇಳಬಾರದು ಅಂತ ಚೆನ್ನಾಗಿ ಕಲಿಸಿದ್ದರು.

ಅದೇ ಪಟ್ಟಿಯಲ್ಲಿ ಇನ್ನೊಂದು ಲೆಕ್ಕವಿತ್ತು. 2440 ಮಿಲಿಮೀಟರ್ ಉದ್ದದ ಹಲಗೆಯಲ್ಲಿ 610ರ ತುಂಡು ಎಷ್ಟು ಬರುತ್ತವೆ? ಭಾಗಿಸಿದರೆ ನಾಲ್ಕು. ಆದರೆ ಗರಗಸದ ಬ್ಲೇಡು ಒಂದೊಂದು ಸಲವೂ ಸುಮಾರು 3 ಮಿಲಿಮೀಟರ್ ಮರವನ್ನು ಪುಡಿ ಮಾಡುತ್ತದೆ. ಮೂರು ಸಲ ಕತ್ತರಿಸಿದರೆ 9 ಹೋಯಿತು, ನಾಲ್ಕನೆಯದು 601ಕ್ಕೆ ನಿಲ್ಲುತ್ತದೆ. ಅನುಭವ ಇಲ್ಲದವರಿಗೆ ಇದು ಗೊತ್ತಿರಲಿ ಅಂತ ನಾವು ನಿರೀಕ್ಷೆ ಮಾಡಿರಲಿಲ್ಲ. ಹೇಳಿಕೊಟ್ಟ ಮೇಲೆ ಹೇಗೆ ತೆಗೆದುಕೊಳ್ಳುತ್ತಾರೆ ಅಂತ ನೋಡಲು ಇಟ್ಟಿದ್ದೆವು.

ಹೊಲಿಗೆ ಅಂಗಡಿಯಲ್ಲಿ ನಾಲ್ಕು ವರ್ಷ ಬಟ್ಟೆ ಕತ್ತರಿಸುತ್ತಿದ್ದ ಒಬ್ಬ ಹೆಂಗಸು ಬಂದಿದ್ದರು. 702 ಸರಿ ಇದೆಯಾ ಅಂತ ಆಗಲೇ ಕೇಳಿ ಆಗಿತ್ತು. ಮೊದಲ ಗೆರೆ ಎಳೆದು ನಿಲ್ಲಿಸಿದರು. "ಬಟ್ಟೆಯಲ್ಲಿ ನಾವು ಹೊಲಿಗೆಗೆ ಅಂತ ಜಾಗ ಬಿಡ್ತೀವಿ. ಇಲ್ಲಿ ಗರಗಸ ತಿನ್ನೋ ಜಾಗ ಗೆರೆಯ ಯಾವ ಕಡೆ ಬಿಡಬೇಕು?"

ಮೇಸ್ತ್ರಿ ಕೈಯಲ್ಲಿದ್ದ ಟೇಪು ಕೆಳಗಿಟ್ಟು ನನ್ನ ಕಡೆ ನೋಡಿದರು. ನಮ್ಮಲ್ಲಿ ಎರಡು ವರ್ಷದಿಂದ ಇರುವ ಒಬ್ಬ ಬಡಗಿ ಈಗಲೂ ಗೆರೆಯ ಮೇಲೇ ಕತ್ತರಿಸುತ್ತಾನೆ.

ಇಬ್ಬರ ಎರಡು ಲೆಕ್ಕ

ನಾನು, ಮೇಸ್ತ್ರಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಒಂದೊಂದು ಕೆಲಸಕ್ಕೂ 1ರಿಂದ 5ರವರೆಗೆ ಅಂಕ ಬರೆಯುತ್ತಿದ್ದೆವು. ಬರೆದು ಮುಗಿಸುವ ತನಕ ಮಾತಾಡುವಂತಿಲ್ಲ. ಮಾತಾಡಿದರೆ ಜೋರಾಗಿ ಹೇಳಿದವರ ಅಭಿಪ್ರಾಯವೇ ಇಬ್ಬರದೂ ಆಗಿಬಿಡುತ್ತದೆ.

ಜಗಳ ಆಗಿದ್ದು ಒಬ್ಬನ ವಿಷಯದಲ್ಲಿ. ಏಳು ವರ್ಷ ಅನುಭವ. ಕೈಗರಗಸ ಹಿಡಿದರೆ ನೋಡಲು ಚೆಂದ. ಮೇಸ್ತ್ರಿ ಎಲ್ಲದಕ್ಕೂ 5 ಹಾಕಿದ್ದರು. ಆದರೆ 702 ಕಾಣದೇ ಇದ್ದ ಇಬ್ಬರಲ್ಲಿ ಅವನೂ ಒಬ್ಬ. ಟೇಬಲ್ ಸಾ ತೋರಿಸುವಾಗ ಅವನಾಗಿಯೇ ಹೇಳಿದ, "ಗಾರ್ಡ್ ಇದ್ದರೆ ಕೆಲಸ ನಿಧಾನ, ನಾವು ತೆಗೆದೇ ಇಡೋದು." ಗಾರ್ಡ್ ಅಂದರೆ ಕೈ ತಾಗದ ಹಾಗೆ ಬ್ಲೇಡಿನ ಮೇಲೆ ಇರುವ ಮುಚ್ಚಳ. ನಾನು ಬೇಡ ಅಂದೆ. ಮೇಸ್ತ್ರಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಬಂದ ದಿನದಿಂದಲೇ ಕೆಲಸ ಮಾಡುವ ಕೈ ಬಿಡುವುದು ಸುಲಭ ಅಲ್ಲ. ಆದರೆ ಹೊಸಬರು ಯಾರನ್ನು ನೋಡಿ ಕಲಿಯುತ್ತಾರೆ? ಗಾರ್ಡ್ ತೆಗೆಯುವವನನ್ನು ನೋಡಿ ಕಲಿತರೆ ಆ ಬೆರಳುಗಳಿಗೆ ನಾನೇ ಹೊಣೆ.

ಅನುಭವದ ವರ್ಷಗಳನ್ನು ನಾವು ಎಷ್ಟು ನಂಬುತ್ತೇವೆ ಅಂತ ಆಮೇಲೆ ಯೋಚಿಸಿದೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವ ಇಬ್ಬರು 1998ರಲ್ಲಿ, ಅದಕ್ಕೂ ಹಿಂದಿನ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಆರಿಸುವಾಗ ನೋಡಿದ್ದಕ್ಕೂ ಆಮೇಲೆ ಕೆಲಸ ಮಾಡಿದ್ದಕ್ಕೂ ಎಷ್ಟು ತಾಳೆಯಾಗುತ್ತದೆ ಅನ್ನುವುದು ಪ್ರಶ್ನೆ. 1 ಅಂದರೆ ಪೂರ್ತಿ ತಾಳೆ, 0 ಅಂದರೆ ತಾಳೆಯೇ ಇಲ್ಲ. ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವುದಕ್ಕೆ 0.54 ಬಂತು. ಎಲ್ಲರಿಗೂ ಅದೇ ಪ್ರಶ್ನೆ ಕೇಳುವ ಸಂದರ್ಶನಕ್ಕೆ 0.51. ಅನುಭವದ ವರ್ಷಗಳಿಗೆ ಬರೀ 0.18. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಜೊತೆಯವರು ಈ ಲೆಕ್ಕವನ್ನು ತಿದ್ದಿದರು. ಈ ಮೂರೂ ಅಂಕಿಗಳು ಇಳಿದವು, ಆದರೂ ಸಾಲಿನಲ್ಲಿ ಒಂದೇ ತರಹದ ಪ್ರಶ್ನೆಗಳ ಸಂದರ್ಶನ ಎಲ್ಲಕ್ಕಿಂತ ಮೇಲಕ್ಕೆ ಬಂತು. ಅನುಭವದ ವರ್ಷಗಳು ಮಾತ್ರ ಕೆಳಗೇ ಉಳಿದವು.

ಹೊಲಿಗೆ ಅಂಗಡಿಯವರನ್ನು ತೆಗೆದುಕೊಳ್ಳುವುದಕ್ಕೆ ನಮ್ಮಿಬ್ಬರ ಹಾಳೆಯೂ ಒಪ್ಪಿತ್ತು. ಅವರು ಬರುವ ಮೊದಲು ನಾವು ಮಾಡಬೇಕಾದ ಕೆಲಸವೂ ಇತ್ತು. ಬಟ್ಟೆ ಬದಲಾಯಿಸಲು ಒಂದು ಕೋಣೆ, ಚಿಲಕ ಸರಿಯಾಗಿ ಬೀಳುವ ಶೌಚಾಲಯ. ಇಷ್ಟು ವರ್ಷ ಯಾರಿಗೂ ಇದು ಬೇಕು ಅನ್ನಿಸಿರಲಿಲ್ಲ. ಮಾಡಿದ ಮೇಲೆ ಎಲ್ಲರೂ ಬಳಸುತ್ತಿದ್ದಾರೆ.

ಎರಡನೆಯ ಜಾಗಕ್ಕೆ ಗೋದಾಮಿನ ಹುಡುಗನನ್ನು ತೆಗೆದುಕೊಂಡೆ, ತಪ್ಪು ಕಂಡರೂ ಸುಮ್ಮನಿದ್ದವನನ್ನು. ಮೇಸ್ತ್ರಿ ಅವನಿಗೆ ಪಟ್ಟಿಯ ಕೆಲಸದಲ್ಲಿ 2 ಕೊಟ್ಟಿದ್ದರು. ನನ್ನ ಹಾಳೆಯಲ್ಲೂ ಹೆಚ್ಚೇನಿರಲಿಲ್ಲ. ಆದರೆ ಕೊಕ್ಕೆ ಯಾಕೆ ಅಲ್ಲಾಡುತ್ತೆ ಅಂತ ಕೇಳಿದವನೂ ಅವನೇ. ಹಲಗೆ ಎತ್ತುವಾಗ ಹೆಜ್ಜೆ ಸರಿಯಾಗಿ ಹಾಕಿದ. ಕೇಳಿದಾಗ ಸುಳ್ಳು ಹೇಳದೆ ಒಪ್ಪಿಕೊಂಡ. ಅವನ ಮೌನ ಅವನ ಗುಣ ಅಲ್ಲ, ಅಂಟಿಕೊಂಡ ಅಭ್ಯಾಸ ಅನ್ನಿಸಿತು. ಹಿಂದಿನ ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಮತ್ತೆ ಬಂದರೆ ಸೇರಿಸಿಕೊಳ್ತೀರಾ?" "ತಕ್ಷಣ" ಅಂದರು. ಹೊಗಳಿಕೆ ಎಲ್ಲರೂ ಮಾಡುತ್ತಾರೆ. ಈ ಪ್ರಶ್ನೆಗೆ ಬರುವ ಉತ್ತರ ಎಷ್ಟು ಬೇಗ ಬರುತ್ತದೆ ಅನ್ನುವುದನ್ನು ಗಮನಿಸಬೇಕು.

ಏಳು ಅರ್ಧ ದಿನದ ಸಂಬಳ ಅಂದರೆ ಮೂರೂವರೆ ದಿನದ ಕೂಲಿ. ಜೊತೆಗೆ ಮೇಸ್ತ್ರಿಯ ಸಮಯ. ಆ ಒಂದು ಬಾಗಿಲಿಗಾಗಿ ಕಳೆದುಕೊಂಡ ದಿನ, ನಾಲ್ಕು ಜನರ ಕೂಲಿ, ಹೊಸ ಹಲಗೆ ಎಲ್ಲ ಸೇರಿಸಿದರೆ ಅದೇ ಜಾಸ್ತಿ.

ಬಂದ ಮೇಲೆ

ಮೊದಲ ಎರಡು ವಾರ ಇಬ್ಬರಿಗೂ ಕರೆಂಟಿನ ಮಿಷಿನ್ ಇಲ್ಲ. ಉಜ್ಜುವುದು ದಿನದ ಅರ್ಧಕ್ಕಿಂತ ಹೆಚ್ಚಿಲ್ಲ. ಸಂಜೆ ಕೊನೆಯ ಅರ್ಧ ಗಂಟೆ ಕಲಿಯಲು ಮೀಸಲು. ಒಂದು ದಿನ ಕರ್ಣ ಅಳೆದು ಚೌಕ ಸರಿ ಇದೆಯಾ ನೋಡುವುದು: ಮೂಲೆಯಿಂದ ಒಂದು ಬದಿಗೆ 600, ಇನ್ನೊಂದಕ್ಕೆ 800 ಗುರುತು ಹಾಕಿದರೆ ಆ ಎರಡು ಗುರುತಿನ ಮಧ್ಯದ ಅಳತೆ 1000 ಬರಬೇಕು. ಇನ್ನೊಂದು ದಿನ ಉಳಿ ಹರಿತ ಮಾಡುವುದು. ಮೊದಲ ತಿಂಗಳು ಕೆಲಸ ಜಾಸ್ತಿ ಇದ್ದ ದಿನ ಈ ಅರ್ಧ ಗಂಟೆ ಎರಡು ಮೂರು ಸಲ ತಪ್ಪಿತು. ಆಗ ಹೊಲಿಗೆಯವರೇ ಬಂದು "ಇವತ್ತಿಂದು ನಾಳೆ ಸೇರಿಸಿ ಒಂದು ಗಂಟೆ ಮಾಡೋಣ" ಅಂದರು.

ಇನ್ನೊಂದು ನಿಯಮ ಮಾಡಿದೆವು, ನಿಜ ಹೇಳಬೇಕೆಂದರೆ ಇದು ಹೆಲ್ಪರ್‌ಗಳಿಗಿಂತ ನಮಗೆ. ತಪ್ಪನ್ನು ಅದೇ ದಿನ ತಂದು ತೋರಿಸಿದವರಿಗೆ ಯಾರೂ ಬೈಯುವಂತಿಲ್ಲ. ಮೇಸ್ತ್ರಿ ಒಪ್ಪಲು ಸಮಯ ತೆಗೆದುಕೊಂಡರು. ಬೈಸಿಕೊಂಡೇ ಕಲಿತವರು ಅವರು. ಬೈಗುಳ ಬಾಯಿಗೆ ಬಂದು ನುಂಗಿಕೊಂಡದ್ದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಹುಡುಗ ಎರಡು ತಿಂಗಳು ಏನನ್ನೂ ತಂದು ತೋರಿಸಲಿಲ್ಲ. ಅಷ್ಟು ದಿನ ತಪ್ಪೇ ಆಗಿರಲಿಲ್ಲ ಅಂತ ನಂಬುವುದು ಕಷ್ಟ. ನನ್ನ ಆಯ್ಕೆ ತಪ್ಪಾಯಿತೇನೋ ಅನ್ನಿಸಲು ಶುರುವಾಗಿತ್ತು.

ಮೂರನೇ ತಿಂಗಳಲ್ಲಿ ಅವನನ್ನು ರೂಟರ್ ಟೇಬಲ್ಲಿಗೆ, ಅಂದರೆ ಮರದಲ್ಲಿ ಕಾಲುವೆ ಕೊರೆಯುವ ಮಿಷಿನ್ನಿಗೆ, ಬಿಟ್ಟೆವು. ಒಂದೇ ಅಳತೆಯ ಮೂರು ಡ್ರಾಯರ್. ಪಕ್ಕದ ಹಲಗೆಗಳಿಗೆ ತಳ ಕೂರುವ ಕಾಲುವೆ ಹೊಡೆಯಬೇಕು. ಎಡಗಡೆಯದು, ಬಲಗಡೆಯದು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು ಇರಬೇಕು. ಮೊದಲ ಜೋಡಿಯಲ್ಲೇ ಅವನು ಎರಡನ್ನೂ ಎಡಗಡೆಯದೇ ಮಾಡಿಬಿಟ್ಟ. ಒಂದು ನಿಮಿಷ ಹಾಗೇ ನಿಂತಿದ್ದ. ನಾನು ದೂರದಿಂದ ನೋಡುತ್ತಿದ್ದೆ. ಆಮೇಲೆ ಎರಡೂ ತುಂಡು ಹಿಡಿದುಕೊಂಡು ನೇರ ಮೇಸ್ತ್ರಿಯ ಹತ್ತಿರ ಹೋದ.

ಮೇಸ್ತ್ರಿ ತುಂಡು ತಿರುಗಿಸಿ ನೋಡಿದರು. "ಮೂರು ಡ್ರಾಯರ್ ಇದೆ ಅಲ್ವಾ" ಅಂದರು. "ಇದು ಎರಡನೇದರ ಎಡಗಡೆ. ಹೋಗು, ಈಗ ಎರಡು ಬಲಗಡೆಯದು ಮಾಡು."